ಸಿಡಿಲಿನ ರಾತ್ರಿಯಿಂದ ಕಂಪ್ಯೂಟರ್ ಆನ್ ಆಗುತ್ತಿಲ್ಲ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಕಾಫಿ, ಮೆಣಸಿನ ಲೆಕ್ಕ, ಆಳುಗಳ ಬಟವಾಡೆ ಎಲ್ಲ ಏಳು ವರ್ಷದ ಹಳೆಯ ಡೆಸ್ಕ್‌ಟಾಪ್‌ನಲ್ಲಿದೆ. ಕಳೆದ ವಾರ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿಲ್ಲ, ಸದ್ದೇ ಇಲ್ಲ. ಮಾನಿಟರ್ ಲೈಟ್ ಮಾತ್ರ ಹತ್ತುತ್ತದೆ. ಪೇಟೆಯ ರಿಪೇರಿಯವರೊಬ್ಬರು ಫೋನಿನಲ್ಲೇ ಕೇಳಿ, ‘ಮದರ್‌ಬೋರ್ಡ್ ಹೋಗಿದೆ, ಹೊಸ ಸಿಸ್ಟಮ್ ತಗೊಳ್ಳಿ’ ಅಂದರು. ಲೆಕ್ಕವೆಲ್ಲ ಹೋದ ಹಾಗೇನಾ?

ಉತ್ತರ: ಲೆಕ್ಕ ಇರುವುದು ಹಾರ್ಡ್‌ಡಿಸ್ಕಿನಲ್ಲಿ, ಮದರ್‌ಬೋರ್ಡ್ ಎನ್ನುವ ಮುಖ್ಯ ಬೋರ್ಡಿನಲ್ಲಲ್ಲ. ಬೋರ್ಡ್ ಸುಟ್ಟರೂ ಡಿಸ್ಕ್ ಉಳಿದಿರುವುದೇ ಹೆಚ್ಚು. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಫೈಲುಗಳನ್ನು ತೆಗೆದುಕೊಳ್ಳಬಹುದು. ಹಳೆಯ ಡಬ್ಬವನ್ನು ಎಕ್ಸ್‌ಚೇಂಜಿಗೆ ಕೊಡುವ ಯೋಚನೆಯಿದ್ದರೆ ಡಿಸ್ಕ್ ಮಾತ್ರ ಮನೆಯಲ್ಲೇ ಇರಲಿ.

ಫೋನಿನಲ್ಲೇ ಮದರ್‌ಬೋರ್ಡಿಗೆ ತಿಥಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಸದ್ದೇ ಇಲ್ಲ ಅಂದಾಗ ಮೊದಲು ನೋಡಬೇಕಾದದ್ದು ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ ಅನ್ನುವುದನ್ನು. ಮಾನಿಟರ್ ಲೈಟ್ ಹತ್ತುತ್ತದೆ ಎಂದು ಬರೆದಿದ್ದೀರಲ್ಲ, ಅದು ಒಳ್ಳೆಯ ಸುಳಿವು. ಮಾನಿಟರಿಗೂ ಸಿಪಿಯು ಡಬ್ಬಕ್ಕೂ ಸಾಮಾನ್ಯವಾಗಿ ಒಂದೇ ಥರದ ಕಪ್ಪು ಪವರ್ ಕೇಬಲ್ ಇರುತ್ತದೆ. ಮಾನಿಟರಿನದನ್ನು ಕಿತ್ತು ಡಬ್ಬಕ್ಕೆ ಹಾಕಿ. ಆಗ ಆನ್ ಆದರೆ ಕೆಟ್ಟಿರುವುದು ಕೇಬಲ್ಲೋ ಯುಪಿಎಸ್ಸಿನ ಒಂದು ಸಾಕೆಟ್ಟೋ ಅಷ್ಟೆ. ಡಬ್ಬದ ಹಿಂದೆ ಕೇಬಲ್ ಸಿಕ್ಕಿಸುವ ಜಾಗದ ಪಕ್ಕದ ಸಣ್ಣ ಸ್ವಿಚ್ಚನ್ನೂ ನೋಡಿ. ಧೂಳು ಒರೆಸುವ ಬಟ್ಟೆ ತಗುಲಿ ಅದು ಆಫ್ ಆಗಿದ್ದ ಡಬ್ಬವನ್ನು ಜೀಪಿನಲ್ಲಿ ಹಾಕಿಕೊಂಡು ಚಿಕ್ಕಮಗಳೂರಿನವರೆಗೆ ತಂದವರಿದ್ದಾರೆ.

ಇದರಲ್ಲಿ ಆಗದಿದ್ದರೆ ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಹತ್ತು ನಿಮಿಷ ಹಾಗೇ ಬಿಡಿ. ವೋಲ್ಟೇಜ್ ಏರುಪೇರಾದಾಗ ಎಸ್‌ಎಂಪಿಎಸ್, ಅಂದರೆ ಒಳಗಿನ ಪವರ್ ಸಪ್ಲೈ, ತನ್ನನ್ನು ತಾನೇ ಲಾಕ್ ಮಾಡಿಕೊಳ್ಳುವುದುಂಟು. ಕರೆಂಟ್ ಪೂರ್ತಿ ಇಳಿದ ಮೇಲೆ ಅದು ಬಿಟ್ಟುಕೊಳ್ಳುತ್ತದೆ.

ಇನ್ನು ಡಬ್ಬದ ಪಕ್ಕದ ಬಾಗಿಲು ತೆಗೆಯಬೇಕು. ಪ್ಲಗ್ ಹಾಕಿದಾಗ ಬೋರ್ಡಿನ ಮೇಲೆ ಪುಟ್ಟ ಲೈಟ್ ಹತ್ತಿದರೆ (ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ) ಎಸ್‌ಎಂಪಿಎಸ್‌ನಿಂದ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಿದೆ ಎಂದರ್ಥ. ಆಗ ಡಬ್ಬದ ಮುಂಭಾಗದ ಪವರ್ ಬಟನ್ ಮೇಲೇ ನನಗೆ ಅನುಮಾನ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಅದರೊಳಗಿನ ತಗಡು ಕಿಲುಬು ಹಿಡಿಯುತ್ತದೆ. ಬಟನ್ನಿನ ವೈರ್ ಬೋರ್ಡಿಗೆ ಸೇರುವಲ್ಲಿ ‘ಪವರ್ ಸ್ವಿಚ್’ ಎಂದು ಗುರುತಿರುವ ಎರಡು ಪಿನ್ ಇರುತ್ತವೆ. ಆ ವೈರ್ ತೆಗೆದು, ಸ್ಕ್ರೂಡ್ರೈವರ್ ತುದಿಯಿಂದ ಎರಡು ಪಿನ್ನನ್ನೂ ಒಂದು ಕ್ಷಣ ಮುಟ್ಟಿಸಿ. ಆನ್ ಆಯಿತೇ? ಬಟನ್ ಬದಲಿಸಿದರೆ ಮುಗಿಯಿತು.

ಲೈಟೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. ಪ್ಲಗ್ ಕಿತ್ತುಕೊಂಡು ಅದರ 24 ಪಿನ್ನಿನ ಅಗಲ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ. ಇರುವ ಒಂದೇ ಹಸಿರು ವೈರಿನ ತೂತಿಗೂ ಪಕ್ಕದ ಯಾವುದಾದರೂ ಕಪ್ಪು ವೈರಿನ ತೂತಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಆಮೇಲೆ ಪ್ಲಗ್ ಹಾಕಿ. ಫ್ಯಾನ್ ತಿರುಗಬೇಕು. ತಿರುಗಿದ ಮಾತ್ರಕ್ಕೆ ಎಲ್ಲ ಸರಿಯಿದೆ ಅನ್ನಲಾಗದು. ಮಲ್ಟಿಮೀಟರಿನಲ್ಲಿ ಹಳದಿ–ಕಪ್ಪು ವೈರುಗಳ ನಡುವೆ 11.4ರಿಂದ 12.6 ವೋಲ್ಟಿನೊಳಗೆ ಸಿಗಬೇಕು. ಕೆಲವು ಕಂಪನಿಗಳ ರೆಡಿಮೇಡ್ ಡೆಸ್ಕ್‌ಟಾಪುಗಳಲ್ಲಿ ಕನೆಕ್ಟರೇ ಬೇರೆ ಇರುತ್ತದೆ. ಹಸಿರು ವೈರ್ ಕಾಣದಿದ್ದರೆ ಈ ಪ್ರಯೋಗ ಬೇಡ, ಸರಿಯಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡಲು ಅಂಗಡಿಯವರಿಗೇ ಹೇಳಿ. ನನ್ನ ಬಳಿ ‘ಬೋರ್ಡ್ ಹೋಗಿದೆ’ ಎಂದು ಬಂದವುಗಳಲ್ಲಿ ಎಷ್ಟೋ ಹಾಗೆಯೇ ಎದ್ದು ಕೂತಿವೆ.

ಆದರೆ ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಹಿಂದಿನ ಜಾಲರಿಗೆ ಮೂಗು ಹಿಡಿದು ಸುಟ್ಟ ವಾಸನೆಯಿದೆಯೇ ನೋಡಿದರೆ ಸಾಕು. ಒಂದು ಮಳೆಗಾಲದಲ್ಲಿ ತೋಟದ ಮನೆಯಿಂದ ಬಂದ ಡಬ್ಬಕ್ಕೆ ಟಾರ್ಚ್ ಹಿಡಿದಾಗ ಜಾಲರಿಯಿಂದ ಒಣಗಿದ ಹಲ್ಲಿಬಾಲ ಹೊರಗೆ ಇಣುಕುತ್ತಿತ್ತು. ಉಳಿದ ಹಲ್ಲಿ ಒಳಗೆ ಎರಡು ಕಾಲು ಎರಡು ಕಡೆ ಊರಿಕೊಂಡು ಶಾರ್ಟ್ ಮಾಡಿ ಸತ್ತಿತ್ತು. ಬೆಚ್ಚಗಿರುತ್ತದಲ್ಲ, ಇರುವೆಗಳೂ ಮೊಟ್ಟೆ ಹೊತ್ತು ಅಲ್ಲಿಗೇ ಬರುತ್ತವೆ.

ಎಸ್‌ಎಂಪಿಎಸ್ ಸರಿಯಿದ್ದೂ ಬೋರ್ಡ್ ಏಳದಿದ್ದರೆ ಯುಎಸ್‌ಬಿ ಸಾಧನ, ಪ್ರಿಂಟರ್, ಹಾರ್ಡ್‌ಡಿಸ್ಕ್ ಎಲ್ಲ ಬಿಡಿಸಿ ಒಮ್ಮೆ ನೋಡಿ. ಅವುಗಳಲ್ಲೊಂದು ಶಾರ್ಟ್ ಆಗಿದ್ದರೂ ಎಲ್ಲವೂ ನಿಂತುಹೋಗುತ್ತದೆ. ಆ ರಾತ್ರಿ ನೆಟ್ ಕೇಬಲ್ ಸಿಕ್ಕಿಸಿಯೇ ಇತ್ತೇ? ಮರದಿಂದ ಮರಕ್ಕೆ ಎಳೆದ ತಾಮ್ರದ ತಂತಿಯಾದರೆ ಸಿಡಿಲು ಅದರಲ್ಲೂ ಒಳಗೆ ಬರುತ್ತದೆ. ನೆಟ್ ಪೋರ್ಟಿನ ಸುತ್ತ ಕಪ್ಪು ಮಸಿ ಕಂಡರೆ ಆಗ ನಾನೂ ಬೋರ್ಡ್ ಹೋಗಿದೆ ಅನ್ನುತ್ತೇನೆ. ಏಳು ವರ್ಷದ್ದಕ್ಕೆ ಸರಿಹೊಂದುವ ಬೋರ್ಡ್ ಹುಡುಕಿ ಸೆಕೆಂಡ್‌ಹ್ಯಾಂಡ್ ಹಾಕಿಸುವ ಬದಲು ಹೊಸದೇ ತೆಗೆದುಕೊಳ್ಳಿ.

ಮುಂದಿನ ಮಳೆಗೊಂದು ಮಾತು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಅದು ಕಡಿಯುವುದು ಫೇಸ್ ತಂತಿಯನ್ನು ಮಾತ್ರ, ನ್ಯೂಟ್ರಲ್ ಹಾಗೇ ಸೇರಿಕೊಂಡಿರುತ್ತದೆ. ಗುಡುಗು ದೂರದಲ್ಲಿರುವಾಗಲೇ ಪ್ಲಗ್, ನೆಟ್ ಕೇಬಲ್ ಎರಡನ್ನೂ ಕಿತ್ತಿಡಿ. ತಲೆಯ ಮೇಲೇ ಗುಡುಗುತ್ತಿದ್ದರೆ ಮುಟ್ಟಲು ಹೋಗಬೇಡಿ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿನವಾಯಿತೋ? ಬೇಸಗೆಯಲ್ಲಿ ಅದು ಒಣಗಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಯ ಜೊತೆಗೇ ಗುಡುಗೂ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಇವತ್ತೇ ಎಸೆಯಿರಿ.

ಪ್ರಶ್ನೆ: ನಮ್ಮ ಕಂಪ್ಯೂಟರಿನಲ್ಲಿ ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪಗೇ ಇರುತ್ತದೆ. ಇದೂ ಎಸ್‌ಎಂಪಿಎಸ್ ತೊಂದರೆಯೇ? –ಹಾಸನದ ಓದುಗರು

ಉತ್ತರ: ಇರಬಹುದು, ಆದರೆ ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ನೋಡಿ. ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಿದೆಯೇ, ಬೋರ್ಡಿಗೆ ಹೋಗಿದೆಯೇ ನೋಡಿ; ಕಾರ್ಡಿಗೇ ಹೋಗಿರಬೇಕು.