ದೇವರ ಹಾಗೆ ಬಂದವಳಿಗೆ ಒಂದು ಹೆಸರಿದೆ

ಪ್ರಿಯ ತಂಗಿ,

ನಿಮ್ಮ ಹನ್ನೊಂದು ಪುಟದ ಪತ್ರ ಬಂದು ಇಪ್ಪತ್ತು ದಿನ ಆಯ್ತು. ಎರಡು ಸಲ ಓದಿದೆ. ಪೂರ್ತಿ ಅಚ್ಚು ಹಾಕೋಣ ಅಂದರೆ ಜಾಗ ಇಲ್ಲ, ಹೆಸರು ಬೇಡ ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಉಳಿದ ಓದುಗರಿಗೆ ಮೊದಲು ನಾಲ್ಕು ಮಾತಿನಲ್ಲಿ ಕಥೆ ಹೇಳಿಬಿಡುತ್ತೇನೆ.

ಇವರು ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ. ಎಂ.ಎಸ್ಸಿ. ಓದುತ್ತಿದ್ದಾರೆ. ವಿದ್ಯಾರ್ಥಿ ವಿನಿಮಯದಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಅಕ್ಟೋಬರ್‌ನಲ್ಲಿ ಹೋದವರು ಒಂದು ಸೆಮಿಸ್ಟರ್ ಮುಗಿಸಿ ಫೆಬ್ರವರಿ ಕೊನೆಗೆ ವಾಪಸ್ ಬಂದಿದ್ದಾರೆ. ಅಲ್ಲಿ ಮುಟ್ಟಿದ ದಿನ ಭಾನುವಾರ. ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದ ಬ್ಯಾಗು ವಿಮಾನದವರ ಕೈಯಲ್ಲಿ ಎಲ್ಲೋ ಉಳಿದುಹೋಯಿತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಂದ್. ಹಾಸ್ಟೆಲ್‌ನ ಪಕ್ಕದ ಕೋಣೆಯಲ್ಲಿದ್ದ ಕೊಲಂಬಿಯಾದ ಹುಡುಗಿಯೊಬ್ಬಳು ಇವರ ಮುಖ ನೋಡಿ, ಮಾಂಸ ತಿನ್ನೋದಿಲ್ಲ ಅಂತ ಕೇಳಿ ತಿಳಿದುಕೊಂಡು, ರಾತ್ರಿ ಹತ್ತು ಗಂಟೆಗೆ ಅನ್ನ, ಕಪ್ಪು ಕಾಳಿನ ಸಾರು ಮಾಡಿ ಬಡಿಸಿದಳು. ನಾಲ್ಕೂವರೆ ತಿಂಗಳಾದ ಮೇಲೆ, ಹೊರಡುವ ದಿನ, ಇವರು ಅವಳ ಕೈ ಹಿಡಿದು ಹೇಳಿದ್ದು ಇಷ್ಟು: ಅವತ್ತು ದೇವರೇ ನಿನ್ನ ರೂಪದಲ್ಲಿ ಬಂದ. ಆ ಹುಡುಗಿ ನಕ್ಕಳಂತೆ, ಆದರೆ ಪೂರ್ತಿ ನಗು ಅಲ್ಲ. "ಬಂದವಳು ನಾನು. ಮರುದಿನ ಬೆಳಿಗ್ಗೆ ಐದಕ್ಕೆ ನನಗೆ ಕೆಲಸ ಇತ್ತು" ಅಂದಳಂತೆ.

ನಿಮ್ಮ ಮೊದಲ ಪ್ರಶ್ನೆ ಇದೇ. ನಾನು ಹೇಳಿದ್ದರಲ್ಲಿ ತಪ್ಪೇನು? ಎರಡನೆಯದು ನಿಮ್ಮ ಅವ್ವನ ಹರಕೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಪುಟದ ಬಗ್ಗೆ ಹೇಳಬೇಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೊರಳಿನ ಬೆಳ್ಳಿ ಕರಡಿಗೆ ಕೀಂಯ್ ಅಂದಿದ್ದು, ಒಳಗೇನಿದೆ ಅಂತ ಕೇಳಿದ ಹೆಂಗಸಿಗೆ ನೀವು ಇಷ್ಟಲಿಂಗ ಅಂದರೆ ಏನು ಅಂತ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು, ಆಕೆ ಮುಟ್ಟದೆ, ನೀವೇ ತೆಗೆದು ತೋರಿಸಿ ಸಾಕು ಅಂದಿದ್ದು. ಕೋಣೆಯಲ್ಲಿ ಊದುಬತ್ತಿ ಹಚ್ಚಿದ ಎರಡೇ ನಿಮಿಷಕ್ಕೆ ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಮಹಡಿಯವರು ಬಾಗಿಲಿಗೆ ಬಂದಿದ್ದು. (ಆ ಸಾಲು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು, ಕ್ಷಮಿಸಿ.) ಅಲ್ಲಿಂದ ಮುಂದೆ ಊದುಬತ್ತಿ ಇಲ್ಲ, ಗಂಟೆ ಇಲ್ಲ. ಬಿಲ್ವಪತ್ರೆ ಎಲ್ಲಿಂದ ತರೋದು? ಹಾಸ್ಟೆಲ್ ಮುಂದಿನ ಹುಲ್ಲಿನಲ್ಲಿ ಮೂರೆಲೆಯ ಕ್ಲೋವರ್ ಸಿಕ್ಕಿತು, ಅದನ್ನೇ ಏರಿಸಿದಿರಿ. ಡಿಸೆಂಬರ್‌ನಲ್ಲಿ ಎಂಟು ಗಂಟೆ ದಾಟಿದ ಮೇಲೆ ಬೆಳಕು ಹರಿಯುವ, ನಾಲ್ಕೂವರೆಗೆ ಕತ್ತಲಾಗುವ ಊರಿನಲ್ಲಿ, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆ ಮನೆಯಲ್ಲಿ ಕೂತ ಹಾಗೇ ಆಗುತ್ತಿತ್ತು ಅಂತ ಬರೆದಿದ್ದೀರಿ. ಗುಡಿ ಹುಡುಕಿಕೊಂಡು ಹೋಗಬೇಕಾದವರಿಗೆ ಪರದೇಶ ನಿಜಕ್ಕೂ ಕಷ್ಟ. ನಿಮ್ಮ ಗುಡಿ ನಿಮ್ಮ ಜೊತೆಗೇ ವಿಮಾನ ಹತ್ತಿತ್ತು. ಇದರಲ್ಲಿ ನಿಮ್ಮ ಸಾಹಸ ಏನಿಲ್ಲ, ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಶರಣರು ನಿಮಗಾಗಿ ಮಾಡಿಟ್ಟ ವ್ಯವಸ್ಥೆ ಅದು. ಕೃತಜ್ಞತೆ ಹೇಳೋದಾದರೆ ಅಲ್ಲಿಂದಲೇ ಶುರು ಮಾಡಬಹುದು.

ಈಗ ಆ ಹುಡುಗಿಯ ಮಾತು. ನೀವು ಹೇಳಿದ್ದು ಕನ್ನಡದಲ್ಲಿ ಸರಿಯಾದ ಮಾತು. "ದೇವರು ಬಂದ ಹಾಗೆ ಬಂದ್ರಿ" ಅಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕೇಳಿದವರು ಕೈಮುಗಿದು "ಅಯ್ಯೋ, ನಂದೇನಿದೆ" ಅಂತಾರೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಅವಳ ಕಿವಿಗೆ ಅದು ಬೇರೆ ಥರ ಕೇಳಿಸಿತು. ನಿದ್ದೆ ಬಿಟ್ಟವಳು ಅವಳು, ಅಕ್ಕಿ ಅವಳದು, ಪಾತ್ರೆ ತಿಕ್ಕಿದ್ದೂ ಅವಳು. ಹೆಸರು ಮಾತ್ರ ದೇವರದು. ಅವಳಿಗೆ ಕಸಿವಿಸಿ ಆಗಿದ್ದರಲ್ಲಿ ಆಶ್ಚರ್ಯ ಏನಿದೆ?

ಇದಕ್ಕೆ ನೀವು ದಾಸೋಹದ ಮಾತು ತಂದಿದ್ದೀರಿ. ಕೊಡುವವರು 'ನಾನು ಕೊಟ್ಟೆ' ಅನ್ನಬಾರದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಹಾಗಾದರೆ ಅವಳು ಹಾಗೆ ಅಂದದ್ದು ಸರಿಯಾ ಅಂತ. ತಂಗಿ, ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಆಡುತ್ತೇನೆ. ನಾನು ಕೊಟ್ಟೆ ಅನ್ನದಿರುವುದು ಕೊಡುವವರ ವ್ರತ. ಅದನ್ನು ಅವರು ತಮಗೆ ತಾವೇ ಹಾಕಿಕೊಳ್ಳಬೇಕು. ಉಂಡವರು ಎದ್ದು ನಿಂತು "ನೀನು ಕೊಟ್ಟಿದ್ದಲ್ಲ ಬಿಡು, ಅವನು ಕೊಟ್ಟದ್ದು" ಅಂತ ಹೇಳೋಕೆ ಅದು ಪರವಾನಗಿ ಅಲ್ಲ. ಒಂದೇ ಮಾತು ಬಡಿಸುವವರ ಬಾಯಲ್ಲಿ ವಿನಯ, ಉಣ್ಣುವವರ ಬಾಯಲ್ಲಿ ಸಾಲ ತಪ್ಪಿಸಿಕೊಳ್ಳುವ ದಾರಿ.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೂ ಹಳ್ಳಿಯಿಂದ ಧಾರವಾಡಕ್ಕೆ ಪಿಯುಸಿಗೆ ಬಂದವನು. ಆ ಕಡೆಯವರಿಗೆ ಬುತ್ತಿಯ ಕಥೆ ಗೊತ್ತು. ಬೆಳಗಿನ ಮೊದಲ ಬಸ್ಸಿನಲ್ಲಿ ಹಳ್ಳಿಗಳಿಂದ ಬುತ್ತಿ ಗಂಟುಗಳು ಬರುತ್ತವೆ, ರೂಮು ಮಾಡಿಕೊಂಡ ಹುಡುಗರು ಬಸ್ ಸ್ಟ್ಯಾಂಡಿಗೆ ಹೋಗಿ ತಮ್ಮ ತಮ್ಮ ಗಂಟು ಹುಡುಕಿ ತೆಗೆದುಕೊಂಡು ನಿನ್ನೆಯ ಖಾಲಿ ಡಬ್ಬಿ ಇಡುತ್ತಾರೆ. ಎರಡು ವರ್ಷ ನಾನು ಹಾಗೆ ಉಂಡೆ. ಮಳೆ ಬಂದ ದಿನ ಕಂಡಕ್ಟರ್ ಆ ಗಂಟುಗಳನ್ನೆಲ್ಲ ತನ್ನ ಸೀಟಿನ ಮೇಲೆ ಪೇರಿಸಿ ತಾನು ನಿಂತು ಬರುತ್ತಿದ್ದ. ಪಾಸಾದಾಗ ನಾನು ಮುರುಘಾಮಠಕ್ಕೆ ಹೋಗಿ ಕಾಯಿ ಒಡೆಸಿದೆ. ಕಂಡಕ್ಟರ್ ಹೆಸರು ಕೇಳಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಆ ಸೀಟು ಮಾತ್ರ ಕಣ್ಣ ಮುಂದೆ ಇದೆ, ಹಸಿರು ರೆಕ್ಸಿನ್, ಒಂದು ಮೂಲೆ ಹರಿದದ್ದು.

ನಮ್ಮ ಭಾಷೆಯಲ್ಲಿ ಉಪಕಾರ ನೆನೆಯೋಕೆ ಮಾತಿಗೆ ಬರ ಇಲ್ಲ. ಆದರೆ 'ಧನ್ಯವಾದ' ಅನ್ನೋದು ವೇದಿಕೆಯ ಮಾತು. ಕಾರ್ಯಕ್ರಮ ಮುಗಿದ ಮೇಲೆ ವಂದನಾರ್ಪಣೆಯಲ್ಲಿ ಶಾಮಿಯಾನದವರಿಗೂ ಮೈಕಿನವರಿಗೂ ಹೇಳುತ್ತೇವೆ, ಅಷ್ಟು ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಮನೆಯಲ್ಲಿ ಅವ್ವನಿಗೆ ಧನ್ಯವಾದ ಹೇಳಿದವರನ್ನು ನಾನು ಕಂಡಿಲ್ಲ, ಹೇಳಿದರೆ ಅವ್ವನೇ ಗಾಬರಿ ಆದಾಳು. ಉಂಡವರು ಹೇಳೋದು "ನಿನ್ನ ಹೊಟ್ಟೆ ತಣ್ಣಗಿರಲಿ" ಅಂತ. ಎಷ್ಟು ಚೆಂದದ ಮಾತು ನೋಡಿ. ಹರಸುವುದು ದೇವರ ಕಡೆಯಿಂದಲೇ, ಆದರೆ ಹೊಟ್ಟೆ ಯಾರದು ಅನ್ನೋದರಲ್ಲಿ ಅನುಮಾನ ಇಲ್ಲ. ನೀವು ಆ ಹುಡುಗಿಗೆ ಇದನ್ನು ಹೇಳಿದ್ದರೆ ಅವಳು ಪೂರ್ತಿ ನಗುತ್ತಿದ್ದಳೋ ಏನೋ.

ಪತ್ರದ ನಾಲ್ಕನೇ ಪುಟದಲ್ಲಿ "ದೇವರ ದಯೆಯಿಂದ ಫೀಸು ಇರಲಿಲ್ಲ" ಅಂತ ಒಂದು ಸಾಲಿದೆ. ಆ ದಯೆಯ ಮೂಟೆಯನ್ನೂ ಸ್ವಲ್ಪ ಬಿಚ್ಚಿ ನೋಡೋಣ. ಟ್ಯೂಬಿಂಗನ್ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ, ಆದರೆ ಈ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದೆ. ಎರಡು ವಿಶ್ವವಿದ್ಯಾಲಯಗಳ ಒಪ್ಪಂದದ ಮೇಲೆ ಬಂದವರಿಗೆ ಅದು ಮಾಫಿ. ಅಂದರೆ ನಿಮಗಿಂತ ಮುಂಚೆ ಯಾರೋ ಇಬ್ಬರು ಪ್ರಾಧ್ಯಾಪಕರು, ಯಾರೋ ನಾಲ್ಕು ಜನ ಗುಮಾಸ್ತರು ಕೂತು ಆ ಕಾಗದಪತ್ರ ಮಾಡಿದ್ದಾರೆ. ಉಳಿದ ಖರ್ಚು ಅಲ್ಲಿ ತೆರಿಗೆ ಕಟ್ಟುವವರದು. ನಿಮಗೆ ದಿನಾ ಬ್ರೆಡ್ ಕೊಟ್ಟು "ಡಾಂಕೆ" ಅನ್ನುತ್ತಿದ್ದ ಬೇಕರಿ ಅಜ್ಜಿಯೂ ಅದರಲ್ಲಿ ಸೇರಿದ್ದಾಳೆ. ಆಕೆ ನಿಮಗೆ ಥ್ಯಾಂಕ್ಸ್ ಹೇಳುತ್ತಿದ್ದಳು, ತಮಾಷೆ ಅಲ್ವಾ?

ಇನ್ನೊಂದು ಮಾತು. ನಿಮ್ಮ ಪಕ್ಕದ ಕೋಣೆಯವಳು ವಿನಿಮಯಕ್ಕೆ ಬಂದವಳಲ್ಲ, ಪೂರ್ತಿ ಪದವಿ ಓದೋಕೆ ಬಂದವಳು ಅಂತ ಬರೆದಿದ್ದೀರಿ. ಕೊಲಂಬಿಯಾ ಯುರೋಪಿನಲ್ಲಿಲ್ಲ. ಆ 1,500 ಅವಳು ಬಹುಶಃ ಕಟ್ಟುತ್ತಾಳೆ. ಬೆಳಿಗ್ಗೆ ಐದಕ್ಕೆ ಕೆಲಸ ಯಾಕೆ ಅಂತ ಕೇಳಿದ್ದಿರಾ?

ಅಲ್ಲಿನವರು ಚರ್ಚಿಗೇ ಹೋಗೋದಿಲ್ಲ, ನಂಬಿಕೆ ಇಲ್ಲದ ಜನ ಅಂತ ಒಂದು ಕಡೆ ಬೇಜಾರು ಮಾಡಿಕೊಂಡಿದ್ದೀರಿ. ಇರಬಹುದು. ಆದರೆ ಆ ಊರಿನ ನಂಬಿಕೆಯ ಋಣ ನನ್ನ ಕಸುಬಿನ ಮೇಲೇ ಇದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಶುರುವಾಯಿತು, ಕನ್ನಡದ ಮೊದಲ ಪತ್ರಿಕೆ. ಅದನ್ನು ತಂದ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ನಿಮ್ಮ ಟ್ಯೂಬಿಂಗನ್‌ನಲ್ಲಿ. ಅವರು ಹಳೆಯ ಕನ್ನಡ ಕೃತಿಗಳನ್ನು ಹುಡುಕಿ ಅಚ್ಚು ಹಾಕಿಸಿದರು, ಅದರಲ್ಲಿ ಬಸವಪುರಾಣವೂ ಇತ್ತು, ಜೈಮಿನಿ ಭಾರತವೂ, ದಾಸರ ಪದಗಳೂ ಇದ್ದವು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನಾಂಡ್ ಕಿಟೆಲ್ ನಮ್ಮ ನಾಡಿಗೆ ಬಂದದ್ದು 1853ರಲ್ಲಿ, 21ರ ವಯಸ್ಸಿಗೆ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಹೊರಬಂತು. ಅವರು 1903ರಲ್ಲಿ ತೀರಿಕೊಂಡಿದ್ದು ಟ್ಯೂಬಿಂಗನ್‌ನಲ್ಲೇ. ಇವರಿಬ್ಬರೂ ಬಂದದ್ದು ಕ್ರೈಸ್ತ ಧರ್ಮ ಹರಡೋಕೆ. ಅದನ್ನು ಮುಚ್ಚಿಟ್ಟು ಹೊಗಳೋದು ಬೇಡ. ಆದರೆ ಬಸವಣ್ಣನ ಕಥೆಯನ್ನು ಅಚ್ಚಿಗೆ ಹಾಕಿಸಿದ ಮನುಷ್ಯ ಓದಿದ ಊರಿಗೆ, ಬಸವಣ್ಣನ ಲಿಂಗ ಕಟ್ಟಿಕೊಂಡ ಹುಡುಗಿ ಓದೋಕೆ ಹೋದಳಲ್ಲ, ನನಗೆ ಅದೇ ಖುಷಿ. ಅವರಿಗೂ ಇಲ್ಲಿ ಮೊದಲ ದಿನ ಯಾರೋ ಅನ್ನ ಹಾಕಿರಬೇಕು. ಕಿಟೆಲ್‌ಗೆ ಆ 70,000 ಪದಗಳನ್ನು ಬಾಯಲ್ಲಿ ಹೇಳಿಕೊಟ್ಟ ರೈತರು, ಹೆಂಗಸರು, ಪಂಡಿತರು ಎಷ್ಟು ಜನರೋ! ನಮಗೆ ಗೊತ್ತಿರೋದು ಕಿಟೆಲ್ ಹೆಸರು ಒಂದೇ. ಕಂಡಕ್ಟರ್ ಕಥೆ ಅಲ್ಲೂ ಅದೇ ನೋಡಿ.

ಈಗ ಅವ್ವನ ಹರಕೆ. ಮಗಳು ಸುಖವಾಗಿ ಬಂದರೆ ಉಳವಿ ಜಾತ್ರೆಗೆ ಚಕ್ಕಡಿಯಲ್ಲೇ ಬರುತ್ತೇನೆ ಅಂತ ಚನ್ನಬಸವಣ್ಣನಿಗೆ ಹರಕೆ ಹೊತ್ತಿದ್ದರು. ಜಾತ್ರೆ ಭಾರತ ಹುಣ್ಣಿಮೆಗೆ. ನೀವು ಇನ್ನೂ ಅಲ್ಲೇ ಇದ್ದಿರಿ, ಅವ್ವ ಕಾಯಲಿಲ್ಲ, ನಿಮ್ಮ ಅಣ್ಣನ ಜೊತೆ ಹೋಗಿಬಂದರು. ಮಂಡಿ ಊದಿತು. ನಿಮ್ಮ ಗೆಳೆಯರು "ಸೀಟು ಸಿಕ್ಕಿದ್ದು ನಿನ್ನ ಮಾರ್ಕ್ಸಿಗೆ, ಚಕ್ಕಡಿಗೆ ಅಲ್ಲ" ಅಂತ ಕಿಚಾಯಿಸುತ್ತಾರೆ.

ಗೆಳೆಯರು ಹೇಳಿದ್ದು ನಿಜ. ಚಕ್ಕಡಿಯಿಂದ ವೀಸಾ ಬರೋದಿಲ್ಲ. ಆದರೆ ಅವ್ವ ಸೀಟಿಗೆ ಹರಕೆ ಹೊತ್ತಿರಲಿಲ್ಲವಲ್ಲ, ಸುಖವಾಗಿ ಬರಲಿ ಅಂತ ಹೊತ್ತಿದ್ದು. ಆಕೆಗೆ ಟ್ಯೂಬಿಂಗನ್ ಎಲ್ಲಿದೆ ಗೊತ್ತಿಲ್ಲ, ನಿಮಗೆ ಜ್ವರ ಬಂದರೆ ಬಸ್ ಹತ್ತಿ ಬರೋಕೆ ಆಗೋದಿಲ್ಲ ಅನ್ನೋದು ಗೊತ್ತು. ನಿಮ್ಮ ಸಂಜೆ ಏಳು ಗಂಟೆಗೆ ಆಕೆಗೆ ರಾತ್ರಿ ಹನ್ನೊಂದೂವರೆ, ಆದರೂ ಫೋನಿಗೆ ಎದ್ದು ಕೂತಿರುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಅಷ್ಟು ದೂರದ ಮಗಳಿಗಾಗಿ ತನ್ನ ಕೈಲಿ ಆಗುವ ಒಂದು ಕೆಲಸ ಆಕೆಗೆ ಬೇಕಿತ್ತು. ಹರಕೆ ಮೂಢನಂಬಿಕೆಯಾ ಅಂತ ತೀರ್ಪು ಕೊಡು ಅಂತೀರಿ. ಕೊಡೋದಿಲ್ಲ. ನನಗೆ ಕಾಣಿಸೋದು ಊದಿದ ಮಂಡಿ. ಮೊದಲು ಅದನ್ನು ಡಾಕ್ಟರಿಗೆ ತೋರಿಸಿ. ಆಮೇಲೆ ಮುಂದಿನ ವರ್ಷ ನೀವೂ ಚಕ್ಕಡಿ ಹತ್ತಿ. ಜೊಯಿಡಾ ಕಾಡಿನ ರಾತ್ರಿ ಚಳಿ ಇರುತ್ತದೆ, ಟ್ಯೂಬಿಂಗನ್ ಜನವರಿ ಕಂಡವರಿಗೆ ಅದು ಲೆಕ್ಕಕ್ಕಿಲ್ಲ ಬಿಡಿ.

ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಕೇಳಿದ್ದೀರಿ, ಆ ಹುಡುಗಿಗೆ ಏನಾದರೂ ಕಳಿಸಬೇಕು, ಧಾರವಾಡ ಪೇಢೆ ಕಳಿಸಲಾ ಅಂತ. ಬೇಡ. ಹಾಲಿನ ಪದಾರ್ಥದ ಪಾರ್ಸೆಲ್ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ಬಿಡೋದಿಲ್ಲ, ಕಸ್ಟಮ್ಸ್‌ನವರು ಬಿಸಾಕಿಬಿಡುತ್ತಾರೆ. ಬ್ಯಾಗು ಎರಡು ದಿನ ತಡವಾಗಿ ಬಂದಾಗ ಅವಳು ಶೇಂಗಾ ಹಿಂಡಿಯನ್ನು ಬರೀ ಅನ್ನಕ್ಕೆ ಕಲಸಿಕೊಂಡು ತಿಂದಳು ಅಂತ ಆರನೇ ಪುಟದಲ್ಲಿದೆ. ಅದನ್ನೇ ಕಳಿಸಿ. ಅವ್ವನ ಕೈಯಲ್ಲೇ ಕುಟ್ಟಿಸಿ, ಖಾರ ಸ್ವಲ್ಪ ಕಡಿಮೆ ಇರಲಿ. ಜೊತೆಗೊಂದು ಚೀಟಿ ಬರೆಯಿರಿ. ಹನ್ನೊಂದು ಪುಟದಲ್ಲಿ ಎಲ್ಲೂ ಅವಳ ಹೆಸರು ಇಲ್ಲ, ಬರೀ "ಕೊಲಂಬಿಯಾದವಳು". ನಮಗೆ ಗುಟ್ಟಾಗಿಟ್ಟದ್ದು ಸರಿ. ಚೀಟಿಯಲ್ಲಿ ಮಾತ್ರ ಮೊದಲ ಸಾಲಿಗೇ ಅವಳ ಹೆಸರು ಬರಲಿ.

ನಿಮ್ಮ,
ಸಂಪಾದಕ