ಕೋಲಾ ಮರಿ ಚೀಲದೊಳಗೇ ಹುಟ್ಟುತ್ತಾ?

ಆಸ್ಟ್ರೇಲಿಯಾದ ಮರಗಳಲ್ಲಿ ಬದುಕುವ ಕೋಲಾ ಇದೆಯಲ್ಲ, ಅದರ ಮರಿ ಅಮ್ಮನ ಹೊಟ್ಟೆಯ ಚೀಲದೊಳಗೇ ಹುಟ್ಟುತ್ತದಾ, ಬೇರೆ ಪ್ರಾಣಿಗಳಲ್ಲೂ ಹೀಗೆ ಉಂಟಾ ಅಂತ ಕೇಳಿದ್ದೀರಿ. ಚೀಲದಲ್ಲಿ ಹುಟ್ಟುವುದಿಲ್ಲ. ಹೆಚ್ಚಿನ ಪ್ರಾಣಿಗಳ ಹಾಗೆ ಹೊರಗೇ ಹುಟ್ಟಿ, ಆಮೇಲೆ ತಾನೇ ತೆವಳಿಕೊಂಡು ಚೀಲ ಸೇರುತ್ತದೆ.

ಕೋಲಾ ಬಸಿರು ಸುಮಾರು 35 ದಿನ, ಅಷ್ಟೇ. ಅಷ್ಟರಲ್ಲಿ ಮರಿ ಎಷ್ಟು ತಾನೇ ಬೆಳೆದೀತು? ಹುಟ್ಟುವಾಗ 2 ಸೆಂಟಿಮೀಟರ್ ಉದ್ದ, ಒಂದು ಚಿಟಿಕೆ ಉಪ್ಪಿನ ತೂಕ. ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಒಂದು ಕೂದಲೂ ಇಲ್ಲ, ಹಿಂಗಾಲು ಬರೀ ಮೊಗ್ಗು. ಮುಂಗಾಲು ಮಾತ್ರ ಗಟ್ಟಿ. ಅದರಲ್ಲೇ ಅಮ್ಮನ ಕೂದಲು ಹಿಡಿದು, ವಾಸನೆಯ ಜಾಡಿನಲ್ಲಿ ಚೀಲದೊಳಗೆ ಹೋಗಿ ಮೊಲೆತೊಟ್ಟು ಕಚ್ಚುತ್ತದೆ. ತೊಟ್ಟು ಬಾಯೊಳಗೇ ಊದಿಕೊಳ್ಳುತ್ತದೆ. ಹಾಗಾಗಿ ಅಮ್ಮ ಮರದಿಂದ ಮರಕ್ಕೆ ಜಿಗಿದರೂ ಮರಿ ಕಳಚಿ ಬೀಳುವುದಿಲ್ಲ. ಮುಂದಿನ ಆರು ತಿಂಗಳು ಅದರ ಲೋಕ ಅಷ್ಟೇ.

ಬ್ರಿಸ್ಬೇನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಕೋಲಾ ಧಾಮಕ್ಕೆ ಹೋಗಿದ್ದೆವು. ತಾಯಿ ಕೋಲಾ ಮರದ ಕವಲಿನಲ್ಲಿ ಕೂತು ನಿದ್ದೆ ಹೊಡೀತಾ ಇತ್ತು. ದಿನಕ್ಕೆ 18–20 ಗಂಟೆ ಅದಕ್ಕೆ ಅದೇ ಕೆಲಸ. ಹೊಟ್ಟೆಯ ಕೆಳಗಿನಿಂದ ಮರಿಯ ತಲೆ ಇಣುಕುತ್ತಿತ್ತು. ನಾನು ಕಾಂಗರೂ ಥರ ಮೇಲೆ ಬಾಯಿರುವ ಜೇಬು ಅಂದುಕೊಂಡಿದ್ದೆ. ಕೋಲಾ ಚೀಲದ ಬಾಯಿ ಕೆಳಗಡೆಗೆ! ಜಾರಿ ಬೀಳಲ್ವಾ ಅಂತ ಗಾಬರಿಯಾಯಿತು. ಬೀಳಲ್ಲ. ಬಾಯಿಯ ಸುತ್ತ ಇರುವ ಸ್ನಾಯುವನ್ನು ಅಮ್ಮ ಲಾಡಿ ಎಳೆದ ಹಾಗೆ ಬಿಗಿ ಮಾಡಿಕೊಳ್ಳುತ್ತದೆ. ಕೋಲಾದ ಹತ್ತಿರದ ನೆಂಟ ವೊಂಬ್ಯಾಟ್. ಬಿಲ ತೋಡುವ ಪ್ರಾಣಿ ಅದು, ಅದರ ಚೀಲದ ಬಾಯಿಯೂ ಹಿಂದಕ್ಕೇ. ತೋಡುವಾಗ ಮರಿಯ ಮುಖಕ್ಕೆ ಮಣ್ಣು ಬೀಳುವುದಿಲ್ಲ.

ಮರ ಹತ್ತುವ ಕೋಲಾಕ್ಕೆ ಈ ಕೆಳಬಾಯಿ ಯಾಕೆ ಅಂದರೆ, ಅದೂ ಒಂದು ಉಪಯೋಗಕ್ಕೆ ಬರುತ್ತದೆ. ಊಟದ ಹೊತ್ತಲ್ಲಿ ಓದುತ್ತಿದ್ದರೆ ಮುಂದಿನ ನಾಲ್ಕು ಸಾಲು ಬಿಟ್ಟುಬಿಡಿ. ಕೋಲಾ ತಿನ್ನುವುದು ನೀಲಗಿರಿ ಸೊಪ್ಪು. ನಮ್ಮೂರಲ್ಲಿ ಆಡೂ ಮೂಸದ ಸೊಪ್ಪು ಅದು, ಒಳಗೆ ವಿಷವಿದೆ. ಅದನ್ನು ಅರಗಿಸಲು ಹೊಟ್ಟೆಯಲ್ಲಿ ಬೇಕಾದ ಸೂಕ್ಷ್ಮಜೀವಿಗಳು ಮರಿಗೆ ಹುಟ್ಟಿನಿಂದ ಬಂದಿರುವುದಿಲ್ಲ. ಅದಕ್ಕೇ ಸುಮಾರು ಆರು ತಿಂಗಳಾದಾಗ ಅಮ್ಮ ಮಾಮೂಲಿ ಹಿಕ್ಕೆಯ ಬದಲು ಅಂಬಲಿಯಂಥ ಮೆತ್ತನೆಯದೊಂದನ್ನು ಹಾಕುತ್ತದೆ. ಚೀಲದಿಂದ ತಲೆ ಹೊರಗಿಟ್ಟ ಮರಿಗೆ ಅದು ಬಾಯಿಗೇ ಸಿಗುತ್ತದೆ. ಇಂಗ್ಲಿಷಿನಲ್ಲಿ ಪ್ಯಾಪ್ ಅನ್ನುತ್ತಾರೆ. ನನ್ನ ಪ್ರಕಾರ ಅದು ಕೋಲಾ ಮರಿಯ ಅನ್ನಪ್ರಾಶನ. ಮಗಳಿಗೆ ಈ ಹೋಲಿಕೆ ಒಂಚೂರೂ ಹಿಡಿಸಲಿಲ್ಲ. ಆಮೇಲೆ ಮರಿ ಒಂದು ವರ್ಷದವರೆಗೆ ಅಮ್ಮನ ಬೆನ್ನ ಮೇಲೆ ಸವಾರಿ ಮಾಡುತ್ತದೆ.

ಇನ್ನು ಬೇರೆ ಪ್ರಾಣಿಗಳು. ಕಾಂಗರೂ ಕಥೆಯೂ ಹೆಚ್ಚುಕಡಿಮೆ ಇದೇ. ಆದರೆ ಅದು ಹೊರಗೆ ಓಡಾಡುವ ದೊಡ್ಡ ಮರಿಗೆ ಒಂದು ಥರ, ಚೀಲದಲ್ಲಿರುವ ಹಸುಗೂಸಿಗೆ ಇನ್ನೊಂದು ಥರ, ಹೀಗೆ ಒಂದೇ ಸಮಯಕ್ಕೆ ಬೇರೆಬೇರೆ ತೊಟ್ಟಿನಲ್ಲಿ ಎರಡು ಬಗೆಯ ಹಾಲು ಕೊಡಬಲ್ಲದು. ಬಾತುಕೋಳಿಯಂಥ ಕೊಕ್ಕಿರುವ ಪ್ಲಾಟಿಪಸ್ ಎಂಬ ಪ್ರಾಣಿ ಮೊಟ್ಟೆ ಇಟ್ಟರೂ ಹಾಲೂಡಿಸುತ್ತದೆ. ಮೊಲೆತೊಟ್ಟೇ ಇಲ್ಲ, ಚರ್ಮದಲ್ಲಿ ಜಿನುಗುವ ಹಾಲನ್ನು ಮರಿ ನೆಕ್ಕಬೇಕು.

ನೀವು ಅಂದುಕೊಂಡ ಹಾಗೆ ನಿಜವಾಗಿ ಚೀಲದೊಳಗೇ ಹುಟ್ಟುವುದು ಎಕಿಡ್ನಾ ಮರಿ. ಅಮ್ಮ ಒಂದೇ ಒಂದು ಮೊಟ್ಟೆಯನ್ನು ನೇರವಾಗಿ ಚೀಲಕ್ಕೇ ಇಟ್ಟುಕೊಳ್ಳುತ್ತದೆ, ಸುಮಾರು ಹತ್ತು ದಿನಕ್ಕೆ ಒಡೆದು ಮರಿ ಬರುತ್ತದೆ. ಎಕಿಡ್ನಾ ಮೈತುಂಬ ಮುಳ್ಳಿರುವ ಪ್ರಾಣಿ. ಮರಿಗೂ ಮುಳ್ಳು ಮೂಡಲು ಶುರುವಾದ ಕೂಡಲೇ ಅದನ್ನು ಚೀಲದಿಂದ ಇಳಿಸಿ ಬಿಲದಲ್ಲಿ ಬಿಡುತ್ತದೆ. ಇನ್ನೇನು ಮಾಡೀತು, ಪಾಪ!