ದುಬೈ ಫ್ಲ್ಯಾಟಿಗೆ ಕುಂದಾಪುರದ ಹಣ: ಓದುಗರ ಪ್ರಶ್ನೆ, ಲೆಕ್ಕಪರಿಶೋಧಕರ ಉತ್ತರ

ಪ್ರಶ್ನೆ: ನಾನು ಕುಂದಾಪುರದ ನಿವೃತ್ತ ಉಪನ್ಯಾಸಕ. ನಿವೇಶನವೊಂದನ್ನು ಮಾರಿ ತೆರಿಗೆ ಕಟ್ಟಿದ ಮೇಲೆ 1 ಕೋಟಿ 40 ಲಕ್ಷ ರೂಪಾಯಿ ಉಳಿದಿದೆ. ದುಬೈಯಲ್ಲಿರುವ ನನ್ನ ಭಾವಮೈದ ಅಲ್ಲಿ ಇನ್ನೂ ಕಟ್ಟುತ್ತಿರುವ 500 ಚದರ ಅಡಿಯ ಫ್ಲ್ಯಾಟ್ ನೋಡಿದ್ದಾನೆ. ಬೆಲೆ 5 ಲಕ್ಷ ದಿರ್ಹಂ, ತಿಂಗಳಿಗೆ ಶೇ 1ರ ಕಂತು, ಕೀಲಿ ಕೊಟ್ಟ ಮೇಲೂ ಕಂತು ಮುಂದುವರಿಯುತ್ತದೆ. ಶೇ 8ರಷ್ಟು ಬಾಡಿಗೆ ಬರುತ್ತದೆ, ಅದಕ್ಕೆ ತೆರಿಗೆ ಇಲ್ಲ ಎನ್ನುತ್ತಾರೆ ಏಜೆಂಟರು. ಭಾವಮೈದ ಬ್ರಹ್ಮಾವರದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಅಲ್ಲಿ ದಿರ್ಹಂನಲ್ಲಿ ಅವನೇ ಕಂತು ಕಟ್ಟುತ್ತಾನೆ, ಇಲ್ಲಿ ಅವನ ಗುತ್ತಿಗೆದಾರನಿಗೆ ನಾನು ರೂಪಾಯಿ ಕೊಟ್ಟರೆ ಸರಿಹೋಗುತ್ತದೆ ಎನ್ನುತ್ತಾನೆ. ಮುಂದುವರಿಯಲೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಬ್ರಹ್ಮಾವರದ ಗುತ್ತಿಗೆದಾರನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕರಾವಳಿಯ ಮನೆಮನೆಗಳಲ್ಲಿ ಇಂಥ ಹೊಂದಾಣಿಕೆ ನೆಂಟರ ನಡುವಿನ ಸಹಾಯವೆಂದೇ ನಡೆಯುತ್ತದೆ. ಅದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ವಿದೇಶದ ಆಸ್ತಿಗೆ ಪ್ರತಿಫಲವಾಗಿ ಇಲ್ಲಿ ಹಣ ಕೊಡುವುದನ್ನು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ. ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಅಷ್ಟೇ ಬೆಲೆಯ ನಿಮ್ಮ ಇಲ್ಲಿನ ಆಸ್ತಿಯನ್ನು ಜಪ್ತಿ ಮಾಡುವ ಅಧಿಕಾರವೂ ಜಾರಿ ನಿರ್ದೇಶನಾಲಯಕ್ಕಿದೆ. ಉಳಿತಾಯದ ಫ್ಲ್ಯಾಟಿಗಾಗಿ ವಾಸದ ಮನೆಯನ್ನು ಪಣಕ್ಕಿಡುವುದು ಬೇಡ.

ನೇರ ದಾರಿ ಇದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದಲ್ಲಿ ವಾಸಿಸುವ ಪ್ರತಿಯೊಬ್ಬರೂ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ವರೆಗೆ ಕಳುಹಿಸಬಹುದು. ದಿರ್ಹಂ ಡಾಲರಿಗೆ 3.6725ರ ದರದಲ್ಲಿ ಬಿಗಿಯಾಗಿರುವುದರಿಂದ ನಿಮ್ಮ 5 ಲಕ್ಷ ದಿರ್ಹಂ ಎಂದರೆ ಸುಮಾರು 1,36,000 ಡಾಲರ್, ಮಿತಿಯೊಳಗೇ ಇದೆ. ನಿಮ್ಮ ಬ್ಯಾಂಕಿಗೆ ಪ್ಯಾನ್ ಸಮೇತ ಹೋಗಿ, ಎ2 ಅರ್ಜಿ ತುಂಬಿ. ಅದರಲ್ಲಿ ಉದ್ದೇಶದ ಸಂಕೇತ ಬರೆಯುವ ಜಾಗವಿದೆ. ಬೇಗ ಮುಗಿಯಲೆಂದು ‘ಕುಟುಂಬ ನಿರ್ವಹಣೆ’ಯ ಸಂಕೇತ ಹಾಕಿಸಬೇಡಿ. ವಿದೇಶದ ಸ್ಥಿರಾಸ್ತಿಯಲ್ಲಿ ಹೂಡಿಕೆ ಎಂಬುದಕ್ಕೆ ಪ್ರತ್ಯೇಕ ಸಂಕೇತವಿದೆ, ಅದನ್ನೇ ಹಾಕಿಸಿ. ಮುಂದೊಂದು ದಿನ ಫ್ಲ್ಯಾಟಿನ ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನಿಮ್ಮ ಪರವಾಗಿ ಮಾತಾಡುವುದು ಆ ಒಂದು ಹಾಳೆ. ಬುಕಿಂಗ್ ರದ್ದಾಗಿ ಹಣ ಅಲ್ಲಿ ಸುಮ್ಮನೆ ಬಿದ್ದಿದ್ದರೆ 180 ದಿನಗಳೊಳಗೆ ವಾಪಸು ತರಬೇಕು ಎಂಬುದೂ ನೆನಪಿರಲಿ.

ಈ ದಾರಿಯಲ್ಲಿ ಮೂಲದಲ್ಲೇ ವಸೂಲಾಗುವ ತೆರಿಗೆ, ಅಂದರೆ ಟಿಸಿಎಸ್ ಇದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಶೇ 20. ಫ್ಲ್ಯಾಟಿನ ಬೆಲೆ 1 ಕೋಟಿ 25 ಲಕ್ಷ ಎಂದು ಹಿಡಿದು ಒಂದೇ ವರ್ಷದಲ್ಲಿ ಕಳುಹಿಸಿದರೆ ಬ್ಯಾಂಕ್ ಅದರ ಮೇಲೆ 23 ಲಕ್ಷ ಪಡೆಯುತ್ತದೆ. ಒಟ್ಟು 1 ಕೋಟಿ 48 ಲಕ್ಷವಾಯಿತು, ನಿಮ್ಮ ಬಳಿ ಅಷ್ಟಿಲ್ಲ. ರಿಟರ್ನ್ ಸಲ್ಲಿಸಿದಾಗ ಈ ಹಣ ನಿಮ್ಮ ತೆರಿಗೆಗೆ ಜಮೆಯಾಗಿ ಉಳಿದದ್ದು ಮರಳುತ್ತದೆ, ಆದರೆ ಅಲ್ಲಿಯವರೆಗೆ ಅದು ನಿಮ್ಮದಲ್ಲ. ಎರಡು ಮೂರು ಹಣಕಾಸು ವರ್ಷಗಳಿಗೆ ಹಂಚಿ ಕಳುಹಿಸಿದರೆ ಭಾರ ಇಳಿಯುತ್ತದೆ.

ಹಾಗಾದರೆ ಕಂತು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಕಟ್ಟಡ ಏಳುವ ಹಂತಕ್ಕೆ ತಕ್ಕಂತೆ ಕೊಡುವ ಹಣ ಒಂದು ಬಗೆ. ಕೀಲಿ ಕೈಗೆ ಬಂದ ಮೇಲೂ ವರ್ಷಗಟ್ಟಲೆ ಕಟ್ಟುವ ಕಂತನ್ನು ಸಾಲವೆಂದೇ ಓದುವ ಅಧಿಕಾರಿಯ ಮುಂದೆ ನಿಮ್ಮ ವಾದ ನಿಲ್ಲುವುದು ಕಷ್ಟ. ಹಣ ರವಾನೆ ಯೋಜನೆಯಡಿ ಇಂಥ ಹೂಡಿಕೆಗೆ ಇಲ್ಲಿನ ಬ್ಯಾಂಕುಗಳೂ ಸಾಲ ಕೊಡುವಂತಿಲ್ಲ. ಕೀಲಿಯ ದಿನವೇ ಬಾಕಿ ತೀರುವ ಕರಾರಿದ್ದರೆ ಮಾತ್ರ ಸಹಿ ಹಾಕಿ. ಆ ಹಣವೂ ಏಜೆಂಟರ ಖಾತೆಗಲ್ಲ, ಆ ಕಟ್ಟಡದ ಎಸ್ಕ್ರೋ ಖಾತೆಗೇ, ಅಂದರೆ ಕೊಳ್ಳುವವರ ಹಣವನ್ನು ಆ ಕಟ್ಟಡಕ್ಕೆಂದೇ ಮೀಸಲಿಡುವ ಖಾತೆಗೇ ಹೋಗಬೇಕು. ದುಬೈಯ 2007ರ 8ನೇ ಕಾನೂನು ಕೊಳ್ಳುವವರ ರಕ್ಷಣೆಗೆಂದೇ ಅದನ್ನು ಕಡ್ಡಾಯ ಮಾಡಿದೆ. ಕಟ್ಟಡ ಮುಗಿಯುವ ಮೊದಲೇ ಆಗುವ ‘ಊಕೂದ್’ ನೋಂದಣಿ ಭಾವಮೈದನ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲಿರಲಿ.

ಇನ್ನು ಶೇ 8ರ ಮಾತು. ಬಾಡಿಗೆ 40,000 ದಿರ್ಹಂ ಬಂತೆನ್ನೋಣ. ನಿರ್ವಹಣಾ ಶುಲ್ಕ ಚದರ ಅಡಿಗೆ 15 ದಿರ್ಹಂ ಎಂದು ಹಿಡಿದರೂ 7,500 ಹೋಯಿತು. ಭೂ ಇಲಾಖೆಯ ಶೇ 4ರ ಶುಲ್ಕ ಸೇರಿ ನಿಮ್ಮ ಖರ್ಚು 5,20,000. ಉಳಿಯುವುದು ಶೇ 6.25, ಅದೂ ವರ್ಷಪೂರ್ತಿ ಬಾಡಿಗೆದಾರರಿದ್ದರೆ. ತೆರಿಗೆ ಇಲ್ಲ ಎಂದದ್ದು ದುಬೈಯ ಮಟ್ಟಿಗೆ ನಿಜ. ನೀವು ಇರುವುದು ಕುಂದಾಪುರದಲ್ಲಿ. ಇಲ್ಲಿನ ನಿವಾಸಿಯ ಆದಾಯ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ, ಬಾಡಿಗೆಯಲ್ಲಿ ಶೇ 30 ಕಡಿತ ಸಿಗುತ್ತದೆ ಅಷ್ಟೇ. ಪ್ರತಿ ವರ್ಷ ರಿಟರ್ನ್‌ನ ‘ಷೆಡ್ಯೂಲ್ ಎಫ್‌ಎ’ಯಲ್ಲಿ ಫ್ಲ್ಯಾಟನ್ನು ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ. ಸಣ್ಣ ಮೊತ್ತಗಳಿಗೆ 2024ರಲ್ಲಿ ಬಂದ ವಿನಾಯಿತಿ ಸ್ಥಿರಾಸ್ತಿಗೆ ಇಲ್ಲ.

ನನ್ನನ್ನು ಕೇಳಿದರೆ, ನಿವೃತ್ತಿಯ ಹಣವನ್ನೆಲ್ಲ ಇನ್ನೂ ಗೋಡೆ ಏಳದ ಒಂದೇ ಮನೆಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. 2009ರಲ್ಲಿ ದುಬೈಯ ಬೆಲೆಗಳು ಕುಸಿದು ಎಷ್ಟೋ ಯೋಜನೆಗಳು ಅರ್ಧಕ್ಕೇ ನಿಂತವು. ಮೂವತ್ತರ ಹರೆಯದವರು ಅಂಥದ್ದನ್ನು ಕಾದು ದಾಟಬಹುದು. ಆಸೆ ಬಲವಾಗಿದ್ದರೆ, ಬಾಡಿಗೆದಾರರು ಈಗಾಗಲೇ ವಾಸವಿರುವ ಇದಕ್ಕಿಂತ ಸಣ್ಣ ಫ್ಲ್ಯಾಟ್ ನೋಡಿ, ಉಳಿದ ಹಣ ನಿಮ್ಮ ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ಇಪ್ಪತ್ತು ವರ್ಷ ದುಬೈಯಲ್ಲಿ ದುಡಿದು ಈಚೆಗೆ ಉಡುಪಿಗೆ ಮರಳಿದ್ದೇನೆ. ಅಲ್ಲಿನ ಸಂಬಳದಲ್ಲಿ ಕೊಂಡ ಫ್ಲ್ಯಾಟನ್ನು ಮಾರಲೇಬೇಕೇ?

ಉತ್ತರ: ಬೇಕಿಲ್ಲ. ವಿದೇಶದಲ್ಲಿ ನೆಲೆಸಿದ್ದಾಗ ಗಳಿಸಿದ ಆಸ್ತಿಯನ್ನು ಇಟ್ಟುಕೊಳ್ಳಲು, ಬಾಡಿಗೆಗೆ ಕೊಡಲು, ಮಾರಲು ಫೆಮಾದ 6(4)ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಮರಳಿದ ಮೊದಲ ಎರಡು ಮೂರು ವರ್ಷ ಆದಾಯ ತೆರಿಗೆಯ ಲೆಕ್ಕದಲ್ಲಿ ನೀವು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ವರ್ಗದಲ್ಲಿರುವ ಸಂಭವ ಹೆಚ್ಚು. ಆ ಅವಧಿಯಲ್ಲಿ ಅಲ್ಲಿನ ಬಾಡಿಗೆಗೆ ಇಲ್ಲಿ ತೆರಿಗೆ ಬೀಳದಂತೆ ಅದನ್ನು ಅಲ್ಲಿನ ಬ್ಯಾಂಕ್ ಖಾತೆಗೇ ಹಾಕಿಸಿ. ಆಮೇಲೆ ಷೆಡ್ಯೂಲ್ ಎಫ್‌ಎ ನಿಮಗೂ ತಪ್ಪದು. ಜೊತೆಗೆ ಅಲ್ಲಿ ನಡೆಯುವಂಥ ಉಯಿಲು ಬರೆದಿಡಿ. ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಜಾರಿಯಾದ ಕಾನೂನಿನಂತೆ, ಉಯಿಲಿಲ್ಲದಿದ್ದರೆ ಅರ್ಧ ಭಾಗ ಪತಿ ಅಥವಾ ಪತ್ನಿಗೆ, ಉಳಿದರ್ಧ ಮಕ್ಕಳಿಗೆ ಸಮನಾಗಿ ಹೋಗುತ್ತದೆ. ನಿಮ್ಮ ಮನಸ್ಸಿನಲ್ಲಿರುವ ಹಂಚಿಕೆ ಬೇರೆಯಾಗಿದ್ದರೆ ಅದನ್ನು ನೀವೇ ಬರೆಯಬೇಕು.

ಪ್ರಶ್ನೆ: ಮಗ ಅಬುಧಾಬಿಯಲ್ಲಿದ್ದಾನೆ. 2020ರಲ್ಲಿ ಕರ್ನಾಟಕದ ಕಾನೂನು ಸಡಿಲವಾಯಿತಲ್ಲ, ಅವನ ಹೆಸರಿನಲ್ಲಿ ಶಿರಸಿಯಲ್ಲಿ ಅಡಿಕೆ ತೋಟ ಕೊಳ್ಳಬಹುದೇ?

ಉತ್ತರ: ಸಾಧ್ಯವಿಲ್ಲ. ರಾಜ್ಯ ಸಡಿಲಿಸಿದ್ದು ಭೂ ಸುಧಾರಣಾ ಕಾಯ್ದೆಯನ್ನು ಮಾತ್ರ. ಅನಿವಾಸಿಗಳು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಬಾರದೆಂಬ ಫೆಮಾ ನಿರ್ಬಂಧ ಹಾಗೆಯೇ ಇದೆ. ನಿಮ್ಮ ತೋಟ ಉತ್ತರಾಧಿಕಾರದಲ್ಲಿ ಅವನಿಗೆ ಬರಬಹುದು. ಹಾಗಾಗಿ ಕೊಳ್ಳುವುದಿದ್ದರೆ ನಿಮ್ಮ ಹಣದಲ್ಲಿ, ನಿಮ್ಮ ಹೆಸರಿನಲ್ಲೇ ಕೊಳ್ಳಿ.